ಮಾಳಿಗೆಗೆ ಕುಂಬಿ ಕಟ್ಟಿರಿ

ಭಾನುವಾರದ ಆರಾಧನೆಯ ಸಂದೇಶ, ಕೆರೂರ
ವಾಕ್ಯಭಾಗ: ಧರ್ಮೋಪದೇಶಕಾಂಡ 22:8, ವಿಮೋಚನಕಾಂಡ 2:1-4, ಮತ್ತಾಯ 4:5-7

  ಕುಳಿತುಕೊಳ್ಳಿರಿ. ಹಿಂದೆ ನಿಂತವರು ಮುಂದ ಬರ್ರಿ, ಚಾಪಿ ಖಾಲಿ ಅದಾವ. ಸಣ್ಣ ಮಕ್ಕಳನ್ನ ಹೊರಗ ಕಳಿಸಬ್ಯಾಡ್ರಿ. ಇವತ್ತಿನ ಸಂದೇಶ ಅವರದ್ದೇ ಐತಿ. ಅತ್ತರ ಅಳಲಿ, ನಾನು ಸ್ವಲ್ಪ ಜೋರಾಗಿ ಮಾತಾಡ್ತೀನಿ.

ದೇವಜನರೇ, ಇವತ್ತು ನಾನು ತೆಗೆದುಕೊಂಡ ವಚನವನ್ನು ಯಾರೂ ಫ್ರೇಮ್ ಹಾಕಿಸಿ ಮನೆ ಗೋಡೆಗೆ ತೂಗು ಹಾಕುವುದಿಲ್ಲ. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ ಇದು ಯಾರಿಗೂ ಬಂದದ್ದನ್ನು ನಾನು ನೋಡಿಲ್ಲ. ಬಂದಿದ್ದರೆ, ಪಾಸ್ಟರಣ್ಣಾ ಇದನ್ನ ಬದಲಿ ಮಾಡಿಕೊಡ್ರಿ ಅಂತಿದ್ರಿ. ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ. ಸಿಕ್ತಾ? ಹಿರಿಯರಿಗೆ ತೆಗೆದುಕೊಡ್ರಿ.

ಈ ಅಧ್ಯಾಯದಲ್ಲಿ ದೇವರು ದೊಡ್ಡ ದೊಡ್ಡ ವಿಷಯ ಮಾತಾಡುತ್ತಿಲ್ಲ. ಸಹೋದರನ ಎತ್ತು, ಕುರಿ ತಪ್ಪಿಸಿಕೊಂಡು ಹೋದರೆ ಹಿಡಿದು ತಂದುಕೊಡಬೇಕು ಅನ್ನುತ್ತಾನೆ. ಕೆರೂರ ಕುರಿ ಸಂತಿ ನೋಡಿದವರಿಗೆ ಇದು ಚಲೋ ತಿಳಿತೈತಿ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕರೆ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕು ಅನ್ನುತ್ತಾನೆ. ಆಮೇಲೆ ಮನೆಯ ವಿಷಯಕ್ಕೆ ಬರುತ್ತಾನೆ. ಹೊಸ ಮನೆ ಕಟ್ಟಿದವನು ಅದರ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು. ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ. ಇಷ್ಟೇ ವಚನ.

ಬೈಬಲ್ ಕಾಲೇಜಿನಲ್ಲಿ ನಾನು ಡಿಪ್ಲೊಮಾ ಓದುವಾಗ ಈ ವಚನವನ್ನು ಒಂದು ನಿಮಿಷದಲ್ಲಿ ದಾಟಿಕೊಂಡು ಹೋದೆವು. ಆದರೆ ನಮ್ಮ ಬಾಗಲಕೋಟ, ಬಾದಾಮಿ ಕಡೆಯವರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳಿಗೆ ಮಾಳಿಗಿ ಅದಾವ. ಮ್ಯಾಲೆ ಮೆಣಸಿನಕಾಯಿ ಒಣಗಿಸ್ತೀವಿ, ಶಾವಿಗಿ ಹಾಕ್ತೀವಿ, ಬ್ಯಾಸಗಿ ಬಂದ್ರ ಹಾಸಿಗಿ ಹೊತ್ತುಕೊಂಡು ಮ್ಯಾಲೇ ಹೋಗ್ತೀವಿ. ಮಕ್ಕಳು ಅಲ್ಲೇ ಗಾಳಿಪಟ ಹಾರಸ್ತಾವ. ಆ ಸುತ್ತಗೋಡೆಗೆ ನಾವು ಕುಂಬಿ ಅಂತೀವಿ. ಕುಂಬಿ ಇಲ್ಲದ ಮಾಳಿಗಿ ಮ್ಯಾಲೆ ರಾತ್ರಿ ಮಕ್ಕಳನ್ನ ಮಲಗಿಸಿದ ತಾಯಿಗೆ ನಿದ್ದಿ ಹತ್ತತೈತೇನು?

ಈಗ ನಾನು ಕೇಳುತ್ತೇನೆ. ಕುಂಬಿ ಕಟ್ಟಿದ ಮನುಷ್ಯನಿಗೆ ವಿಶ್ವಾಸ ಇಲ್ಲ ಅಂತ ಯಾರಾದರೂ ಹೇಳ್ತೀರಾ? "ಏನಪ್ಪಾ, ನಿನಗೆ ದೇವದೂತರು ಸಾಲಲಿಲ್ಲ ಅಂತ ಇಟ್ಟಂಗಿ ತರಿಸಿದ್ಯಾ?" ಅಂತ ಯಾರಾದರೂ ಅಂತೀರಾ? ಕಟ್ಟು ಅಂತ ಹೇಳಿದವನೇ ದೇವರು. ಆಮೆನ್ ಹೇಳ್ರಿ.

ಈ ವಚನ ಯಾಕೆ ತೆಗೆದುಕೊಂಡೆ ಅಂದರೆ, ಹೋದ ವಾರ ಮೂರು ಮನೆಯಲ್ಲಿ ಪ್ರಾರ್ಥನೆಗೆ ಹೋಗಿದ್ದೆ. ಮೂರೂ ಮನೆಯಲ್ಲಿ ಸಣ್ಣ ಕೂಸು. ಮೂರೂ ಮನೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ, ಚಹಾ ಕುಡಿಯುವ ಹೊತ್ತಿನಲ್ಲಿ, ಒಂದೇ ಮಾತು ಬಂತು. ಬರೋ ಗುರುವಾರ ಅಂಗನವಾಡಿಯಲ್ಲಿ ಸೂಜಿ ಐತಿ. ಹಾಕಸೋದೋ ಬ್ಯಾಡೋ?

ಒಂದು ಮನೆಯಲ್ಲಿ ತಾಯಿ ಹೇಳಿದಳು: "ಹೋದ ಸಲ ಸೂಜಿ ಮಾಡಿಸಿದಾಗ ಕೂಸಿಗೆ ರಾತ್ರಿಯೆಲ್ಲಾ ಜ್ವರ. ಮುಂಜಾನೆ ನಾನು ಹತ್ತಿ ಬಿಡಸಾಕ ಹೋಗಲಿಲ್ಲ. ಎರಡು ದಿನದ ಪಗಾರ ಹೋತು. ನಮ್ಮತ್ತಿ, ಆರಾಮ ಇದ್ದ ಕೂಸಿಗೆ ಬ್ಯಾನಿ ತಂದಿ ಅಂತ ಬೈದ್ರು." ಇನ್ನೊಂದು ಮನೆಯಲ್ಲಿ ಗಂಡ ಮಗ್ಗದ ಮೇಲಿಂದ ಇಳಿಯದೇ ಮಾತಾಡಿದ. ಅವನಿಗೆ ಮೊಬೈಲಿನಲ್ಲಿ ಯಾರೋ ವಿಡಿಯೋ ಕಳಿಸಿದ್ದರು. ಮೂರನೇ ಮನೆಯಲ್ಲಿ ಅಜ್ಜ ಸುಮ್ಮನೆ ಕುಳಿತಿದ್ದ, ಕೊನೆಗೆ ಒಂದೇ ಶಬ್ದ ಹೇಳಿದ. "ರಾಮದುರ್ಗ."

ಆ ಶಬ್ದಕ್ಕೆ ನಾನು ಬರುತ್ತೇನೆ. ಬರದೇ ಹೋದರೆ ಈ ಸಂದೇಶಕ್ಕೆ ಅರ್ಥ ಇಲ್ಲ. ಅದಕ್ಕಿಂತ ಮೊದಲು ಒಂದು ಮಾತು. ಕೂಸಿನ ವಿಷಯದಲ್ಲಿ ಹೆದರುವುದು ಪಾಪ ಅಲ್ಲ. ಕೆಲವು ಸಭೆಗಳಲ್ಲಿ ಹೆದರಿದ ತಾಯಿಯನ್ನು ಎಲ್ಲರ ಮುಂದೆ ನಿಲ್ಲಿಸಿ, ನಿನಗೆ ವಿಶ್ವಾಸ ಕಡಿಮೆ ಅಂತಾರೆ. ನಾನು ಹಾಗೆ ಅನ್ನುವುದಿಲ್ಲ. ವಿಮೋಚನಕಾಂಡ 2ನೇ ಅಧ್ಯಾಯ ನೋಡಿರಿ. ಮೋಶೆಯ ತಾಯಿ ಯೋಕೆಬೆದ್. ಮೂರು ತಿಂಗಳು ಕೂಸನ್ನು ಬಚ್ಚಿಟ್ಟಳು. ಬಚ್ಚಿಡಲು ಆಗದಿದ್ದಾಗ ಆಪಿನ ಪೆಟ್ಟಿಗೆ ತಂದಳು. ತಂದು ಏನು ಮಾಡಿದಳು? ಪ್ರಾರ್ಥನೆ ಮಾಡಿ ಹಾಗೇ ನೀರಿಗೆ ಬಿಟ್ಟಳಾ? ಇಲ್ಲ. ರಾಳ ಮೆತ್ತಿದಳು. ಸಂದು ಸಂದಿಗೂ ಮೆತ್ತಿದಳು. ಒಂದು ಹನಿ ನೀರು ಒಳಗ ಬರಬಾರದು. ಆಮೇಲೂ ಸುಮ್ಮನಿರಲಿಲ್ಲ, ಅಕ್ಕನನ್ನು ದೂರದಲ್ಲಿ ನಿಲ್ಲಿಸಿದಳು, ಏನಾಗುತ್ತದೆ ನೋಡು ಅಂತ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಈ ತಂದೆತಾಯಿಯನ್ನು ವಿಶ್ವಾಸಿಗಳ ಪಟ್ಟಿಯಲ್ಲಿ ಸೇರಿಸಿದೆ. ರಾಳ ಮೆತ್ತಿದ ಕೈ, ದೂರ ನಿಂತು ಕಾಯೋ ಕಣ್ಣು, ಇವೆರಡನ್ನೂ ದೇವರು ವಿಶ್ವಾಸದ ಲೆಕ್ಕಕ್ಕೇ ಬರೆದುಕೊಂಡ. ಸ್ತೋತ್ರ.

ಈಗ ರಾಮದುರ್ಗ.

ಇಲ್ಲಿ ಕುಳಿತವರಲ್ಲಿ ಬಹಳ ಜನಕ್ಕೆ ಆ ಕಡೆ ಬೀಗರು ಅದಾರ. ಜಿಲ್ಲಾ ಬೇರೆ, ಆದ್ರ ಊರು ನಮ್ಮವೇ. 2022ರ ಜನವರಿ. ಬೆಳಗಾವಿ ಜಿಲ್ಲೆ ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿ ಆರೋಗ್ಯ ಕೇಂದ್ರಕ್ಕೆ ಸೇರಿದ ಹಳ್ಳಿಗಳಲ್ಲಿ, ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಎರಡು ವರ್ಷದ ಒಳಗಿನ ಕೂಸುಗಳು. ಇದು ವಾಟ್ಸಾಪಿನ ಕಥೆ ಅಲ್ಲ, ನಡೆದದ್ದು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು. ಆ ಲಸಿಕೆಯ ಸೀಸೆಗಳನ್ನು ಇಡಬೇಕಾದಲ್ಲಿ ಇಡದೆ ಒಂದು ಹೋಟೆಲಿನ ಫ್ರಿಜ್‌ನಲ್ಲಿ ಇಟ್ಟಿದ್ದರು ಅಂತ ಆಗ ಆರೋಗ್ಯ ಇಲಾಖೆಯ ಅಧಿಕಾರಿಗಳೇ ಹೇಳಿದರು. ಸಿಬ್ಬಂದಿಯನ್ನು ಅಮಾನತು ಮಾಡಿದರು, ತನಿಖೆ ಆಯಿತು.

ಹಾಗಾದರೆ ಏನರ್ಥ? ಕುಂಬಿಯೇ ಬಿದ್ದಿತು. ಕಾಯಬೇಕಾದ ಗೋಡೆ ಮಕ್ಕಳ ಮೇಲೆ ಬಿತ್ತು. ಅದನ್ನು ನಾನು ಮುಚ್ಚಿ ಮಾತಾಡುವುದಿಲ್ಲ. ಇವತ್ತಿಗೂ ಆ ಮೂರು ತಾಯಂದಿರ ತೊಟ್ಟಿಲು ಖಾಲಿ. ಯಾರಾದರೂ ಬಂದು, ಲಸಿಕೆಯಿಂದ ಏನೂ ಆಗಲ್ಲ, ಸುಮ್ಮನೆ ಹಾಕಿಸಿ ಅಂತ ಹೇಳಿದರೆ ನನಗೂ ಸಿಟ್ಟು ಬರುತ್ತದೆ.

ಆದರೆ ಏನಾಯಿತು ಅನ್ನುವುದನ್ನು ಪೂರ್ತಿ ತಿಳಿದುಕೊಳ್ಳಬೇಕು. ನಾನು ಆಮೇಲೆ, ತಡವಾಗಿ, ನಮ್ಮ ನರ್ಸಬಾಯಿ ಹತ್ತಿರ ಕುಳಿತು ಕೇಳಿದೆ. ದಡಾರದ ಲಸಿಕೆ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ. ಹಾಕುವ ಮುಂಚೆ ಅದರ ಜೊತೆಗೇ ಕೊಟ್ಟಿರುವ ನೀರನ್ನು ಬೆರೆಸುತ್ತಾರೆ. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಬೆರೆಸಿದ ಮೇಲೆ 4 ತಾಸು ಮಾತ್ರ, ಅದೂ ತಣ್ಣಗೆ ಇಟ್ಟು. 4 ತಾಸು ಆದ ಮೇಲೆ ಅರ್ಧ ಸೀಸೆ ಉಳಿದರೂ ಚೆಲ್ಲಬೇಕು. ಯಾಕೆಂದರೆ ಅದರಲ್ಲಿ ಕೆಡದಂತೆ ಕಾಯುವ ಔಷಧ ಇಲ್ಲ. ರೋಗದ ಕ್ರಿಮಿ ಬಿದ್ದರೆ ಅದರಲ್ಲೇ ಬೆಳೆದು ವಿಷ ಆಗುತ್ತದೆ. ಬ್ಯಾಸಗಿಯೊಳಗ ಕಾಸದ ಹಾಲು ಇಟ್ಟಂಗ. ಹಾಲು ಕೆಟ್ಟರ ಎಮ್ಮಿದೇನು ತಪ್ಪು? ಇಟ್ಟವರ ತಪ್ಪು.

ಇದನ್ನು ತಿಳಿದುಕೊಂಡರೆ ನಮ್ಮ ಕೈಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಕೇಳಬಹುದು! "ಅಕ್ಕಾ, ಈ ಸೀಸೆ ಯಾವಾಗ ಕಲಸಿದ್ರಿ?" ಅಂತ ಕೇಳಲು ಓದು ಬರಹ ಬೇಕಾಗಿಲ್ಲ. ಕಲಸಿದ ಟೈಮ್ ಸೀಸೆ ಮೇಲೆ ಬರೆದಿರಬೇಕು, ತೋರಿಸ್ರಿ ಅನ್ನಬಹುದು. ಸೂಜಿ ಹೊಸದಾ, ನನ್ನ ಮುಂದೆ ಒಡೀರಿ ಅನ್ನಬಹುದು. ಸರ್ಕಾರಿ ಲಸಿಕೆಗೆ ಬಳಸುವ ಸಿರಿಂಜು ಒಂದು ಸಲ ಒತ್ತಿದರೆ ಲಾಕ್ ಆಗಿಬಿಡುತ್ತದೆ, ಎರಡನೇ ಕೂಸಿಗೆ ಹಾಕಲು ಬರುವುದಿಲ್ಲ. ಸೀಸೆಯ ಮೇಲೆ ಸಣ್ಣ ವೃತ್ತ ಇರುತ್ತದೆ, ಅದರೊಳಗೆ ಚೌಕ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ಬೆಳ್ಳಗಿರಬೇಕು. ಬಿಸಿಲು ತಿಂದ ಲಸಿಕೆಯಾದರೆ ಚೌಕ ಕಪ್ಪಾಗುತ್ತಾ ಹೋಗಿ ವೃತ್ತದ ಬಣ್ಣಕ್ಕೆ ಬರುತ್ತದೆ. ಅದು ನಿಮ್ಮ ಕೂಸಿಗೆ ಬ್ಯಾಡ. ಇಷ್ಟು ಕೇಳಿದರೆ ಒಳ್ಳೆ ನರ್ಸಬಾಯಿಗೆ ಸಿಟ್ಟು ಬರುವುದಿಲ್ಲ. ನಾನು ಕೇಳಿದಾಗ ಆ ಅಕ್ಕ ನಕ್ಕು, ಇಷ್ಟು ವರ್ಷಕ್ಕೆ ಒಬ್ಬರು ಕೇಳಿದ್ರಲ್ಲ ಅಂದರು.

ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಬೇಕು. ಮೋಶೆಯ ಅಕ್ಕನ ಹಂಗ, ದೂರ ನಿಂತು ನೋಡ್ತಾ. ಕೆಲಸಕ್ಕೆ ಹೊತ್ತಾಯಿತು ಅಂತ ಓಡಬ್ಯಾಡ್ರಿ.

ಪ್ರಿಯರೇ, ಇಲ್ಲಿಗೆ ನಾನು ನಿಲ್ಲಿಸಬಹುದಿತ್ತು. ಆದರೆ ಪವಿತ್ರಾತ್ಮನು ನನ್ನನ್ನು ಎರಡು ವಾರದಿಂದ ಸುಮ್ಮನೆ ಬಿಟ್ಟಿಲ್ಲ. ನಾನು ಒಂದು ಅರಿಕೆ ಮಾಡಬೇಕು. ಆ ಕುಟುಂಬದವರು ಇವತ್ತು ಇಲ್ಲೇ ಕುಳಿತಿದ್ದಾರೆ, ಹೇಳ್ರಿ ಪಾಸ್ಟರ್ ಅಂತ ಅಪ್ಪಣೆ ಕೊಟ್ಟಿದ್ದಾರೆ. ಹೆಸರು ಹೇಳುವುದಿಲ್ಲ.

ರಾಮದುರ್ಗದ ಸುದ್ದಿ ಬಂದ ವಾರದಲ್ಲಿ ಒಬ್ಬ ತಮ್ಮ, ಅವನ ಹೆಂಡತಿ, ಹತ್ತು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಸೂಜಿ ಬಾಕಿ ಇತ್ತು. "ಪಾಸ್ಟರಣ್ಣಾ, ಏನ್ ಮಾಡೋಣ್ರಿ?" ಅಂದರು. ಆಗ ನನ್ನ ಮಗಳಿಗೂ ಎರಡನೇ ಡೋಸಿನ ಟೈಮ್. ಹಿಂದಿನ ರಾತ್ರಿ ನಾನು, ನನ್ನ ಹೆಂಡತಿ ಆ ಸುದ್ದಿ ನೋಡಿ ನಿದ್ದೆ ಮಾಡಿರಲಿಲ್ಲ. ನಾನು ಗಡಗಡ ನಡುಗಿದ್ದೆ. ಅದನ್ನು ಅವರಿಗೆ ಹೇಳಿದೆನಾ? ಹೇಳಲಿಲ್ಲ. ಬೈಬಲ್ ತೆಗೆದೆ. 91ನೇ ಕೀರ್ತನೆ ಓದಿದೆ. ಕೂಸಿನ ತಲೆ ಮೇಲೆ ಕೈ ಇಟ್ಟು ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡಿದೆ. ಆಮೇಲೆ ಹೇಳಿದೆ: "ಸದ್ಯಕ್ಕ ಬ್ಯಾಡ ಬಿಡ್ರಿ. ದೇವರು ನೋಡ್ಕೋತಾನ."

ಅವರು ಸಮಾಧಾನದಿಂದ ಹೋದರು. ಯುಗಾದಿ ಆದ ಮೇಲೆ ಗೋವಾಕ್ಕೆ ದುಡಿಯಲು ಹೋದರು. ನಿಮಗೆಲ್ಲಾ ಗೊತ್ತು, ಬಿಲ್ಡಿಂಗ್ ಕೆಲಸ, ತಗಡಿನ ಶೆಡ್ಡು, ಒಂದು ಶೆಡ್ಡಿನಲ್ಲಿ ಎರಡು ಮೂರು ಕುಟುಂಬ. ತಾಯಿಕಾರ್ಡು ಇಲ್ಲೇ ಟ್ರಂಕಿನಲ್ಲಿ ಉಳಿಯಿತು. ಅಲ್ಲಿ ಯಾವ ಆಶಾ ಅಕ್ಕನೂ ಅವರ ಹೆಸರು ಹಿಡಿದು ಕರೆಯುವುದಿಲ್ಲ.

ನಮ್ಮ ಮನೆಯಲ್ಲಿ ಏನಾಯಿತು? ಎರಡು ತಿಂಗಳಾದ ಮೇಲೆ ನನ್ನ ಹೆಂಡತಿ ಧೈರ್ಯ ಮಾಡಿ, ನರ್ಸಬಾಯಿನ್ನ ಕೇಳಿ, ನನ್ನ ಮಗಳಿಗೆ ಸೂಜಿ ಹಾಕಿಸಿಕೊಂಡು ಬಂದಳು. ಒಂದಿಷ್ಟು ಮೈ ಬಿಸಿ ಆಯಿತು, ಆರಾಮ ಆಯಿತು. ನಾನು ಸ್ತೋತ್ರ ಹೇಳಿದೆ. ಆದರೆ ಗೋವಾಕ್ಕೆ ಒಂದು ಫೋನ್ ಮಾಡಲಿಲ್ಲ. "ತಮ್ಮಾ, ನಾವು ಹಾಕಿಸಿದ್ವಿ, ನೀವೂ ಹಾಕಸ್ರಿ" ಅಂತ ಹೇಳಲಿಲ್ಲ. ಯಾಕೆ? ಪಾಸ್ಟರ್ ಮಾತು ಬದಲಿಸಿದ ಅಂತಾರೆ ಅಂತ. ನನ್ನ ಮಾನದ ಸಲುವಾಗಿ.

ಮಳೆಗಾಲದಲ್ಲಿ ಆ ಶೆಡ್ಡಿನಲ್ಲಿ ಒಂದು ಮಗುವಿಗೆ ದಡಾರ ಬಂತು. ನಮ್ಮ ಹಿರಿಯರು ಗೊಬ್ಬರ ಅಂತಾರಲ್ಲ, ಅದೇ. ಕೆಮ್ಮು, ಕಣ್ಣು ಕೆಂಪು, ಆಮೇಲೆ ಮುಖದಿಂದ ಶುರುವಾಗಿ ಮೈತುಂಬ ಗುಳ್ಳೆ. ಇದು ಗಾಳಿಯಲ್ಲಿ ಹಬ್ಬುವ ರೋಗ. ರೋಗ ಇದ್ದವರು ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಆ ಕೋಣೆಯ ಗಾಳಿಯಲ್ಲಿ ಕ್ರಿಮಿ ಇರುತ್ತದೆ. ರಕ್ಷಣೆ ಇಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ ಅಂತ ಡಾಕ್ಟರರು ಹೇಳುತ್ತಾರೆ. ಈ ಕೂಸಿಗೂ ಬಂತು. ಗುಳ್ಳೆ ಇಳಿಯಿತು, ನ್ಯುಮೋನಿಯಾ ಹಿಡಿಯಿತು. ಹನ್ನೊಂದು ದಿನ ಆಸ್ಪತ್ರೆ. ಉಸಿರಿಗೆ ಎದೆ ಒಳಗೆ ಹೋಗುತ್ತಿತ್ತು ಅಂತ ತಾಯಿ ಹೇಳುವಾಗ ಈಗಲೂ ಕೈಯಿಂದ ತೋರಿಸುತ್ತಾಳೆ. ಸಾಲ ಆಯಿತು, ಎರಡು ಆಡು ಮಾರಿದರು. ಕೂಸು ಉಳಿಯಿತು. ದೇವರಿಗೆ ಸ್ತೋತ್ರ, ಉಳಿಯಿತು. ಕಿವಿಯಿಂದ ಸೋರುವುದು ಬಹಳ ದಿನ ನಿಲ್ಲಲಿಲ್ಲ. ಈಗ ಅಂಗನವಾಡಿಗೆ ಹೋಗುತ್ತಾನೆ. ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ.

ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಮ್ಮ ಅಳಲಿಲ್ಲ, ಬೈಯಲಿಲ್ಲ. ಅವನು ಹೇಳಿದ್ದು ಇಷ್ಟು: "ಅಣ್ಣಾ, ನನಗೂ ಹೆದರಿಕಿ ಆಗೈತಿ ಅಂತ ಅಂದಿದ್ರ, ನಾವು ಇನ್ನೊಬ್ಬರನ್ನ ಕೇಳ್ತಿದ್ವಿ. ಆಶಾ ಅಕ್ಕನ್ನ ಕೇಳ್ತಿದ್ವಿ. ನೀವು ದೇವರೇ ಹೇಳಿದಂಗ ಹೇಳಿದ್ರಿ. ಆಮ್ಯಾಲೆ ನಾವು ಯಾರನ್ನ ಕೇಳೋದು?"

ನಾಲ್ಕು ವರ್ಷ ಬೈಬಲ್ ಹಿಡಿದು ಬೋಧಿಸಿದವನಿಗೆ ಅವನು ಒಂದೇ ಮಾತಿನಲ್ಲಿ ಬೋಧಿಸಿದ.

ಆವತ್ತು ರಾತ್ರಿ ನಾನು ಮತ್ತಾಯ 4 ತೆಗೆದೆ. ಸೈತಾನನು ನಮ್ಮ ಕರ್ತನನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಗೆ ಧುಮುಕು ಅನ್ನುತ್ತಾನೆ. ಯಾವ ವಚನ ಹೇಳುತ್ತಾನೆ? 91ನೇ ಕೀರ್ತನೆ! ದೇವದೂತರು ಎತ್ತಿ ಹಿಡಿಯುತ್ತಾರೆ ಅನ್ನುವ ಮಾತು. ಆ ಕೀರ್ತನೆ ಸುಳ್ಳಲ್ಲ ದೇವಜನರೇ. ನಾನು ಅದನ್ನು ದಿನಾ ಓದುತ್ತೇನೆ. ಆದರೆ ಅದೇ ಕೀರ್ತನೆಯನ್ನು ಹಿಡಿದು ಒಬ್ಬನನ್ನು ಮೇಲಿಂದ ತಳ್ಳಲೂ ಬರುತ್ತದೆ ಅಂತ ಆವತ್ತು ನನಗೆ ತಿಳಿಯಿತು. ಯೇಸು ಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ಉತ್ತರ ಕೊಟ್ಟ. ಆ ಉತ್ತರ ಎಲ್ಲಿಂದ ತಂದ? ಧರ್ಮೋಪದೇಶಕಾಂಡದಿಂದ, 6ನೇ ಅಧ್ಯಾಯ. ಕುಂಬಿ ಕಟ್ಟು ಅಂತ ಬರೆದಿರುವ ಅದೇ ಪುಸ್ತಕ. ನಾನು ಆ ತಮ್ಮನ ಕೂಸನ್ನು ಕುಂಬಿ ಇಲ್ಲದ ಮಾಳಿಗೆ ಮೇಲೆ ಬಿಟ್ಟು, ಕೀರ್ತನೆ ಓದಿ ಕಳಿಸಿದ್ದೆ.

ಇನ್ನು ಮೇಲೆ ಲಸಿಕೆ, ಗುಳಿಗೆ, ಆಪರೇಷನ್ ವಿಷಯದಲ್ಲಿ ನನ್ನ ಹತ್ತಿರ ಬಂದರೆ ನಾನು ಪ್ರಾರ್ಥನೆ ಮಾಡುತ್ತೇನೆ, ನಿಮ್ಮ ಜೊತೆ ಆಸ್ಪತ್ರೆಗೆ ಬರುತ್ತೇನೆ. ಹಾಕಿಸು, ಬ್ಯಾಡ ಅಂತ ದೇವರ ಹೆಸರಿನಲ್ಲಿ ತೀರ್ಪು ಕೊಡುವುದಿಲ್ಲ. ನನಗೆ ಗೊತ್ತಿದ್ದದ್ದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಮತ್ತು ಸ್ವಲ್ಪ ವಾಕ್ಯ.

ಮೊಬೈಲ್ ವಿಷಯ ಬೇಗ ಮುಗಿಸುತ್ತೇನೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಈ ದಡಾರ-ರುಬೆಲ್ಲಾ ಅಭಿಯಾನ ಶುರುವಾಯಿತು. ಒಂಬತ್ತು ತಿಂಗಳಿಂದ 15 ವರ್ಷದ ಒಳಗಿನ ಎಲ್ಲಾ ಮಕ್ಕಳಿಗೆ, ಶಾಲೆಗೆ ಹೋಗುವವರಿಗೆ ಶಾಲೆಯಲ್ಲೇ. ಆಗಲೂ ವಾಟ್ಸಾಪ್ ತುಂಬಾ ಮೆಸೇಜು, ಇದನ್ನು ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅಂತ. ಸೂಜಿ ದಿನ ಮಕ್ಕಳನ್ನು ಶಾಲೆಗೆ ಕಳಿಸದವರು ಬಹಳ ಜನ. ಮೆಸೇಜು ಕಳಿಸಿದವರು ಯಾರೂ ಆಮೇಲೆ ಬಂದು ಯಾರ ಕೂಸನ್ನೂ ನೋಡಲಿಲ್ಲ. ನಿಜ ಏನೆಂದರೆ, ರುಬೆಲ್ಲಾ ಅನ್ನುವ ರೋಗ ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹೊಟ್ಟೆಯಲ್ಲಿರುವ ಕೂಸಿಗೆ ಕಣ್ಣು, ಕಿವಿ, ಹೃದಯ ಕೆಡುತ್ತದೆ. ಇವತ್ತು ನಿಮ್ಮ ಮಗಳಿಗೆ ಹಾಕಿಸುವ ಸೂಜಿ ನಾಳೆ ಹುಟ್ಟುವ ಮೊಮ್ಮಗನನ್ನೂ ಕಾಯುತ್ತದೆ.

ಇನ್ನೊಬ್ಬ ಸಹೋದರರು, ಬೇರೆ ಸಭೆಯವರು, ನನಗೆ ಫೋನ್ ಮಾಡಿ ಹೇಳಿದರು: "ದಡಾರದ ಸೂಜಿ ಬಲ ತೋಳಿಗೇ ಯಾಕ ಹಾಕ್ತಾರ? ಪ್ರಕಟನೆ 13 ಓದ್ರಿ, ಬಲಗೈ ಮೇಲೆ ಗುರುತು!" ಹೌದು, ಬಲ ತೋಳಿಗೆ ಹಾಕುತ್ತಾರೆ. ಹುಟ್ಟಿದಾಗ ಹಾಕುವ ಬಿಸಿಜಿ ಎಡ ತೋಳಿಗೆ, ಒಂದೂವರೆ ತಿಂಗಳಿಗೆ ಹಾಕುವ ಪೆಂಟಾ ಎಡ ತೊಡೆಗೆ. ಯಾವುದು ಎಲ್ಲಿ ಹಾಕಿದ್ದು ಅಂತ ನರ್ಸಬಾಯಿಗೆ ಗೊತ್ತಾಗಲಿ ಅಂತ ಜಾಗ ಗೊತ್ತು ಮಾಡಿದ್ದಾರೆ. ಪ್ರಕಟನೆಯ ಆ ಗುರುತು ಯಾರನ್ನು ಆರಾಧಿಸುತ್ತೀ ಅನ್ನುವ ವಿಷಯ. ಒಂಬತ್ತು ತಿಂಗಳ ಕೂಸು ಯಾವ ಮೃಗಕ್ಕೆ ಅಡ್ಡ ಬಿದ್ದೈತಿ ಹೇಳ್ರಿ? ಮೊಲಿ ಹಾಲು ಬಿಟ್ಟರ ಅದಕ್ಕ ಬ್ಯಾರೆ ಏನೂ ಗೊತ್ತಿಲ್ಲ.

ಕೆಲವರು ಹೇಳುತ್ತಾರೆ, ನಮ್ಮ ಕಾಲದಲ್ಲಿ ಇಷ್ಟು ಸೂಜಿ ಎಲ್ಲಿದ್ದವು, ನಾವು ಗಟ್ಟಿಯಾಗಿ ಬೆಳೆಯಲಿಲ್ಲವಾ? ನಮ್ಮಜ್ಜಿ ಹಾಗೇ ಹೇಳುತ್ತಿದ್ದಳು. ಒಮ್ಮೆ ನಾನು ಕೇಳಿದೆ, ಆಯಿ, ನಿನಗೆ ಎಷ್ಟು ಮಕ್ಕಳು? ನಾಲ್ಕು ಅಂದಳು. ಹಡೆದದ್ದು ಎಷ್ಟು? ಸುಮ್ಮನಾದಳು. ಆಮೇಲೆ ಬೆರಳು ಮಡಚುತ್ತಾ ಹೋದಳು. ಎಂಟು. ಒಂದು ಗೊಬ್ಬರಕ್ಕೆ, ಒಂದು ನಾಯಿಕೆಮ್ಮಿಗೆ, ಎರಡು ಯಾತಕ್ಕೆ ಅಂತ ಅಕಿಗೂ ಗೊತ್ತಿಲ್ಲ. ಗಟ್ಟಿಯಾಗಿ ಬೆಳೆದ ನಾವು ಮಾತಾಡುತ್ತೇವೆ. ಬೆಳೆಯದವರು ಬಂದು ಮಾತಾಡುವುದಿಲ್ಲ. ಅದೇ ಅಜ್ಜಿಯ ತೋಳಿನ ಮೇಲೆ ಮೈಲಿ ಹಾಕಿದ ಕಲೆ ದೊಡ್ಡದಾಗಿ ಇತ್ತು. ಆ ಮೈಲಿ ಬ್ಯಾನಿ ನಮ್ಮ ದೇಶದಲ್ಲಿ 1975ಕ್ಕೆ ನಿಂತಿತು, 1980ರಲ್ಲಿ ಇಡೀ ಲೋಕದಿಂದ ಹೋಯಿತು ಅಂತ ಸಾರಿದರು. ವೈಲ್ಡ್ ಪೋಲಿಯೋ ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಕೋಲು ಹಿಡಿದು ನಡೆಯುವ ನಮ್ಮ ವಯಸ್ಸಿನವರನ್ನು ನೀವು ಸಂತೆಯಲ್ಲಿ ನೋಡುತ್ತೀರಿ. ಐದು ವರ್ಷದ ಕೂಸನ್ನು ಹಾಗೆ ನೋಡಿದ್ದೀರಾ?

ಮತ್ತೊಮ್ಮೆ ವಚನಕ್ಕೆ ಬನ್ನಿರಿ. ಯಾರು ಬಿದ್ದರೆ ಅಂತ ಬರೆದಿದೆ? ನಿನ್ನ ಮಗ ಬಿದ್ದರೆ ಅಂತ ಇಲ್ಲ. ಯಾರಾದರೂ ಬಿದ್ದರೆ. ಮನೆಗೆ ಬಂದ ಬೀಗರ ಕೂಸು, ಪಕ್ಕದ ಮನೆಯ ಹುಡುಗ. ದಡಾರದ ಸೂಜಿ ಒಂಬತ್ತು ತಿಂಗಳಿಗೆ ಮುಂಚೆ ಹಾಕುವುದಿಲ್ಲ. ನಾಲ್ಕು ತಿಂಗಳ, ಏಳು ತಿಂಗಳ ಕೂಸುಗಳು ಈ ಹಾಲ್‌ನಲ್ಲೇ ಐದಾರು ಅದಾವ. ಅವುಗಳಿಗೆ ನಿಮ್ಮ ದೊಡ್ಡ ಮಕ್ಕಳೇ ಕುಂಬಿ. ಒಂಬತ್ತು ತಿಂಗಳಿಗೆ ಮೊದಲ ಡೋಸ್ ಹಾಕಿಸಿದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ರಕ್ಷಣೆ ಕೂಡುವುದಿಲ್ಲ. ಅದಕ್ಕೇ 16ರಿಂದ 24 ತಿಂಗಳ ಒಳಗೆ ಎರಡನೇದು. ಒಂದು ಆಯಿತಲ್ಲ ಸಾಕು ಅಂತ ನಾವು ಬಿಡುವುದು ಅದನ್ನೇ. ನಾನೂ ಅದನ್ನೇ ಬಿಟ್ಟಿದ್ದೆ.

ಈಗ ಗಂಡಸರಿಗೆ ಒಂದು ಮಾತು. ಹತ್ತಿ ಬಿಡಸೋದು ಬಿಟ್ಟವಳು ಅಕಿ, ರಾತ್ರಿ ಎದ್ದು ಕುಳಿತವಳು ಅಕಿ, ಅತ್ತಿ ಕಡೆ ಬೈಸಿಕೊಂಡವಳು ಅಕಿ. ನಾವು ಏನ್ ಮಾಡಿದ್ವಿ? ವಿಡಿಯೋ ನೋಡಿದ್ವಿ. ಕುಂಬಿ ಕಟ್ಟು ಅಂತ ದೇವರು ಹೇಳಿದ್ದು ಮನೆ ಕಟ್ಟಿದವನಿಗೆ. ಗುರುವಾರ ಅರ್ಧ ದಿನ ಮಗ್ಗ ನಿಂತರೆ ನಿಲ್ಲಲಿ. ಸೂಜಿ ಹಾಕಿದ ದಿನ, ಮಾರನೇ ದಿನ ಜ್ವರ ಬರಬಹುದು, ಜಾಗ ಬಾತುಕೊಳ್ಳಬಹುದು. ದಡಾರದ್ದಾದರೆ ಒಂದು ವಾರ ಹತ್ತು ದಿನ ಆದ ಮೇಲೂ ಒಂದಿಷ್ಟು ಜ್ವರ ಬಂದು ಹೋಗಬಹುದು. ನರ್ಸಬಾಯಿ ಕೊಟ್ಟ ಜ್ವರದ ಔಷಧ ಅವರು ಹೇಳಿದಷ್ಟೇ ಹಾಕ್ರಿ, ಮೊಲೆ ಕುಡಿಸುವುದು ಬಿಡಬ್ಯಾಡ್ರಿ, ಬಾತ ಜಾಗಕ್ಕೆ ಅರಿಷಿಣ, ಸುಣ್ಣ ಹಚ್ಚಬ್ಯಾಡ್ರಿ. ಕೂಸಿಗೆ ಫಿಟ್ಸ್ ಬಂದರೆ, ಉಸಿರಿಗೆ ತ್ರಾಸ ಆದರೆ, ಎಬ್ಬಿಸಿದರೂ ಏಳದಿದ್ದರೆ, ನನಗೆ ಆಮೇಲೆ ಫೋನ್ ಮಾಡ್ರಿ, ಮೊದಲು 108ಕ್ಕೆ ಮಾಡ್ರಿ.

ದುಡಿಯಲು ಗೋವಾ, ಮಂಗಳೂರ ಕಡೆ ಹೋಗುವವರು ತಾಯಿಕಾರ್ಡು ಟ್ರಂಕಿನಲ್ಲಿ ಬಿಡಬ್ಯಾಡ್ರಿ. ಆ ಕಾರ್ಡಿದ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಮುಂದಿನ ಸೂಜಿ ಹಾಕುತ್ತಾರೆ, ದುಡ್ಡಿಲ್ಲ. ತಪ್ಪಿಹೋಗಿದ್ದರೂ ಕೇಳ್ರಿ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ, ಮೊದಲಿಂದ ಶುರು ಮಾಡಬೇಕಾಗಿಲ್ಲ. ಮೊಬೈಲಿನಲ್ಲಿ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ರಿ. ಕೆಲಸಕ್ಕೆ ಬಾರದ ವಿಡಿಯೋ ಅಳಿಸಿದರೆ ಜಾಗ ಆಗುತ್ತದೆ.

ಗುರುವಾರ ಅಂಗಡಿಯಿಂದ ನಾನು ರಜೆ ಕೇಳಿದ್ದೇನೆ. ಹತ್ತು ಗಂಟೆಗೆ ಇಲ್ಲಿ ಹಾಲ್ ಮುಂದೆ ಇರುತ್ತೇನೆ. ಹೆದರಿಕೆ ಇದ್ದವರು ಬರ್ರಿ, ಕೂಡಿ ಹೋಗೋಣ, ಕೂಡಿ ಕೇಳೋಣ, ಅರ್ಧ ತಾಸು ಕೂಡಿ ಕುಳಿತುಕೊಳ್ಳೋಣ. ಒಬ್ಬ ಸಹೋದರಿ ದೊಡ್ಡ ಮಕ್ಕಳನ್ನು ಇಲ್ಲಿ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಬರದಿದ್ದವರ ಮೇಲೆ ನನಗೆ ಬೇಸರ ಇಲ್ಲ, ಮುಂದಿನ ವಾರ ನಿಮ್ಮ ಮನೆಗೆ ಚಹಾ ಕುಡಿಯಲು ಬರುತ್ತೇನೆ. ಆ ತಮ್ಮ ಕೂಡ ಬರುತ್ತಾನೆ. ಅವನಿಗೆ ಈಗ ಎರಡನೇ ಕೂಸು, ಹೆಣ್ಣು. ಗುರುವಾರಕ್ಕೆ ಒಂಬತ್ತು ತಿಂಗಳು ತುಂಬುತ್ತದೆ.

ಕೂಸುಗಳನ್ನು ಎತ್ತಿಕೊಂಡವರು ಮುಂದೆ ಬರ್ರಿ. ಎಲ್ಲರೂ ಎದ್ದು ನಿಲ್ಲಿರಿ. ಪ್ರಾರ್ಥನೆ ಮಾಡೋಣ.

ತಂದೆಯೇ, ನಿನಗೆ ಸ್ತೋತ್ರ. ಈ ಮಕ್ಕಳು ನಿನ್ನವರು. ಕರ್ತನೇ, ರಾಮದುರ್ಗದ ಆ ಮೂರು ತಾಯಂದಿರನ್ನು ನೆನಪಿಸಿಕೋ, ನಾವು ಮರೆತರೂ ನೀನು ಮರೆಯಬೇಡ. ಗುರುವಾರ ಸೀಸೆ ಹಿಡಿಯುವ ಕೈಯನ್ನು ಎಚ್ಚರವಾಗಿಡು, ಆ ಪೆಟ್ಟಿಗೆಯ ಐಸ್ ಕರಗದಂತೆ ಹೊತ್ತು ತರುವವರ ಕಾಲಿಗೆ ಬಲ ಕೊಡು. ಕೇಳಲು ನಮಗೆ ಬಾಯಿ ಕೊಡು. ಈ ಚಿಕ್ಕವನ ಎಡಕಿವಿಯನ್ನು ಮುಟ್ಟು ಸ್ವಾಮಿ, ನಾವು ಇವನನ್ನು ಹುಬ್ಬಳ್ಳಿಗೆ ಕಿವಿಯ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ, ನೀನು ಜೊತೆಗೆ ಬಾ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.